ಹಿಂಬದಿಯ ಬೆತ್ತಲೆ ಹಿಸುಕು

ನಮ್ಮ ಕ್ರೀಡಾಪುಟದ ಅನುವಾದಕರಿಗೆ ಯಾರಾದರೂ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಬೇಕು. ಮೊನ್ನೆ ಗಾಂಧಿ ಬಜಾರಿನಲ್ಲಿ ನಿಂತು ಕಾಫಿ ಕುಡಿಯುತ್ತಾ ಪತ್ರಿಕೆ ತಿರುವುತ್ತಿದ್ದೆ. ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಎಂಎಂಎ ಎಂಬ ಕಾದಾಟದ ಆಟಗಾರನೊಬ್ಬ ತನ್ನ ಎದುರಾಳಿಯನ್ನು ‘ಹಿಂಬದಿಯ ಬೆತ್ತಲೆ ಹಿಸುಕಿನ ಮೂಲಕ ಶರಣಾಗತಿಗೊಳಿಸಿದ’ ಎಂದಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು ಅದನ್ನೇ ಎರಡು ಸಲ ಓದಿ, ‘ಇಂಥದ್ದನ್ನೆಲ್ಲ ಮಕ್ಕಳು ಓದುವ ಪುಟದಲ್ಲಿ ಹಾಕುತ್ತಾರಲ್ಲ ಸ್ವಾಮಿ’ ಎಂದು ಲೋಟ ಇಟ್ಟು ಹೊರಟರು.

ಅಲ್ಲಿ ಯಾರೂ ಬೆತ್ತಲಾಗಿರಲಿಲ್ಲ. ಜೂಡೊದಲ್ಲಿ ಎದುರಾಳಿಯ ಅಂಗಿಯ ಕೊರಳಪಟ್ಟಿ ಹಿಡಿದು ಕತ್ತು ಬಿಗಿಯುವುದುಂಟು. ಬಟ್ಟೆ ಹಿಡಿಯದೆ, ಬರೀ ತೋಳಿನಿಂದ ಹಿಂದಿನಿಂದ ಬಿಗಿದರೆ ಅದಕ್ಕೆ ಇಂಗ್ಲಿಷಿನಲ್ಲಿ ‘ರಿಯರ್ ನೇಕೆಡ್ ಚೋಕ್’ ಎಂದು ಹೆಸರು, ಅಷ್ಟೇ. ‘ಬರಿಗೈ’ ಎಂಬ ಒಳ್ಳೆಯ ಪದ ಕನ್ನಡದಲ್ಲಿ ಬಿದ್ದುಕೊಂಡಿದೆ, ಗರಡಿಯವರ ‘ಪಟ್ಟು’ ಇದೆ. ಕತ್ತಿನ ಪಟ್ಟು ಎಂದು ಬರೆದಿದ್ದರೆ ಆ ಹಿರಿಯರು ಇನ್ನೊಂದು ಕಾಫಿಯನ್ನೇ ಕುಡಿಯುತ್ತಿದ್ದರೇನೋ. ಎದುರಾಳಿ ಸೋಲೊಪ್ಪಿಕೊಂಡ ಎನ್ನುವುದಕ್ಕೂ ‘ಶರಣಾಗತಿ’ ಎಂದೇ ಆಗಬೇಕು, ಕಾಡಿನಿಂದ ಬಂದ ನಕ್ಸಲರು ಬಂದೂಕು ಒಪ್ಪಿಸಿದ ಹಾಗೆ. ಮೂವರು ತೀರ್ಪುಗಾರರಲ್ಲಿ ಇಬ್ಬರು ಒಬ್ಬ ಆಟಗಾರನ ಕಡೆ, ಒಬ್ಬರು ಇನ್ನೊಬ್ಬನ ಕಡೆ ಅಂಕ ಕೊಟ್ಟರೆ ‘ವಿಭಜಿತ ತೀರ್ಪು’. ಓದಿದವರಿಗೆ ಪ್ರಕರಣ ಇನ್ನೇನು ವಿಸ್ತೃತ ಪೀಠಕ್ಕೆ ಹೋಗುತ್ತದೆ ಎನಿಸಬೇಕು.

ಅಂಥದೊಂದು ವಿಭಜಿತ ತೀರ್ಪಿನಿಂದಲೇ ಪೂಜಾ ತೋಮರ್ ಗೆದ್ದದ್ದು. 2024ರ ಜೂನ್ 8, ಅಮೆರಿಕದ ಲೂಯಿವಿಲ್; ನಮಗೆ 9ರ ಬೆಳಗಿನ ಜಾವ. ಉತ್ತರ ಪ್ರದೇಶದ ಮುಜಫ್ಫರ್‌ನಗರದ ಕಡೆಯ ಹೆಣ್ಣುಮಗಳು ಬ್ರೆಜಿಲ್‌ನ ಎದುರಾಳಿಯನ್ನು ಸೋಲಿಸಿ, ಯುಎಫ್‌ಸಿ ಎಂಬ ಅಮೆರಿಕದ ಎಂಎಂಎ ಪಂದ್ಯಾವಳಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯಳಾದಳು. ಪಾಪ, ದಿನ ಮಾತ್ರ ಸರಿಯಿರಲಿಲ್ಲ. ಅದೇ 9ರ ಸಂಜೆ ದೆಹಲಿಯಲ್ಲಿ ಪ್ರಧಾನಿಯ ಪ್ರಮಾಣವಚನ, ರಾತ್ರಿ ನ್ಯೂಯಾರ್ಕಿನಲ್ಲಿ ಭಾರತ–ಪಾಕಿಸ್ತಾನ ಕ್ರಿಕೆಟ್. ಭಾರತ 119ಕ್ಕೆ ಆಲೌಟಾಗಿಯೂ 6 ರನ್ನಿನಿಂದ ಗೆದ್ದ ಮೇಲೆ ಉಳಿದವರಿಗೆ ಜಾಗವೆಲ್ಲಿ? ನಮ್ಮ ಮನೆಗೆ ಬರುವ ಪತ್ರಿಕೆಯಲ್ಲಿ ಪೂಜಾಳಿಗೆ ನಾಲ್ಕು ಸಾಲು ಸಿಕ್ಕಿತ್ತು, ‘ಕುಸ್ತಿಪಟು’ ಎಂಬ ಬಿರುದಿನ ಸಮೇತ. ಆಕೆ ಬೆಳೆದದ್ದು ಚೀನಾದ ಕಾದಾಟದ ಕಲೆಯಾದ ವುಶು ಆಡಿಕೊಂಡು. ಇರಲಿ, ಕುಸ್ತಿಯೂ ಕೈಕಾಲಿನದೇ ಆಟವಲ್ಲವೆ.

ಅದಾದ ಮೇಲೆ ನಮ್ಮ ಬೀದಿಯ ಹುಡುಗನಿಗೂ ಅದೃಷ್ಟ ಖುಲಾಯಿಸಿತು. ಹಗಲು ಇನ್ನೊಬ್ಬರಿಗೆ ಡಂಬೆಲ್ ಎತ್ತಿಸುತ್ತಾನೆ, ರಾತ್ರಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ತಾನು ಎಂಎಂಎ ಅಭ್ಯಾಸ ಮಾಡುತ್ತಾನೆ. ಚಾಪೆಗೆ ಉಜ್ಜಿ ಉಜ್ಜಿ ಎಡಗಿವಿ ಹೂಕೋಸಿನಂತೆ ಮುದುರಿದೆ. ಸಂದರ್ಶನಕ್ಕೆ ಬಂದ ವರದಿಗಾರ ಮೊದಲು ಕೇಳಿದ್ದು, ‘ಹೆಂಚು ಒಡೆಯುತ್ತೀರಾ?’ ಎರಡನೆಯದು, ‘ಸಿನಿಮಾದಿಂದ ಕರೆ ಬಂದಿದೆಯೇ?’ ಛಾಯಾಗ್ರಾಹಕನಿಗೆ ಕೋಪದ ಮುಖ ಬೇಕಿತ್ತು. ಹುಡುಗನದು ಬ್ಯಾಂಕಿನ ಗುಮಾಸ್ತನಂಥ ಸೌಮ್ಯ ಮುಖ. ಅಂಗಿ ಬಿಚ್ಚಿಸಿ, ಎಂಎಂಎ ಅಖಾಡವನ್ನು ಸುತ್ತುವರಿಯುವ ಬೋನಿನ ತಂತಿಬಲೆ ಹಿಡಿಸಿ, ‘ಯಾರೋ ನಿಮ್ಮ ಬೈಕಿಗೆ ಗುದ್ದಿದ್ದಾರೆ ಎಂದುಕೊಳ್ಳಿ’ ಎಂದು ಹೇಳಿಕೊಟ್ಟರು. ಮರುದಿನ ‘ಬೋನಿನೊಳಗಿನ ಹುಲಿ’ ಎಂಬ ತಲೆಬರಹದಲ್ಲಿ, ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡವನಂತೆ ಹಲ್ಲು ಕಚ್ಚಿ ನಿಂತಿದ್ದ.

ಈ ‘ಬೋನು’ ಎಂದರೆ ನಮ್ಮ ಸಂಪಾದಕರಿಗೆ ಬಹಳ ಪ್ರೀತಿ. 1996ರಲ್ಲಿ ಅಮೆರಿಕದ ಸೆನೆಟರ್ ಜಾನ್ ಮೆಕೇನ್ ಈ ಆಟವನ್ನು ಮನುಷ್ಯರ ಕೋಳಿ ಅಂಕ ಎಂದು ಜರೆದಿದ್ದರು. ಆಮೇಲೆ ಅಲ್ಲಿ ನಿಯಮಗಳು ಬಂದವು. ತಲೆಯಿಂದ ಗುದ್ದುವುದು, ಕಣ್ಣಿಗೆ ಬೆರಳು ಹಾಕುವುದು, ತಲೆಯ ಹಿಂಭಾಗಕ್ಕೆ ಹೊಡೆಯುವುದು ನಿಷಿದ್ಧವಾಯಿತು. ಐದೈದು ನಿಮಿಷದ ಸುತ್ತುಗಳಾದವು. ನಮ್ಮವರು ಮಾತ್ರ ಇನ್ನೂ 1996ರಲ್ಲೇ ಕೋಳಿ ಹಿಡಿದುಕೊಂಡು ಕುಳಿತು ‘ಇದು ಕ್ರೀಡೆಯೋ ಕ್ರೌರ್ಯವೋ’ ಎಂದು ಕೇಳುತ್ತಾರೆ.

ವಿಜಯದಶಮಿಯಂದು ಈ ಸೂಕ್ಷ್ಮ ಮನಸ್ಸಿಗೆ ರಜೆ. ಮೈಸೂರು ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ವಜ್ರಮುಷ್ಟಿ ಎಂಬ ಮೊನಚು ಆಯುಧ ತೊಟ್ಟು ಇಳಿಯುತ್ತಾರೆ. ಅಂಕ, ಸುತ್ತು ಎಂಬ ಗೊಡವೆ ಇಲ್ಲ. ಒಬ್ಬರ ತಲೆಯಿಂದ ರಕ್ತ ಕಂಡರೆ ಕಾಳಗ ಮುಗಿಯಿತು. ಟಿವಿ ನಿರೂಪಕಿಯ ದನಿಯಲ್ಲಿ ಎಂಥ ಭಕ್ತಿ! ಬೋಳುತಲೆಯ ಮೇಲೆ ಇಳಿಯುವ ಕೆಂಪು ಗೆರೆಯನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುತ್ತದೆ, ಹಿನ್ನೆಲೆಗೆ ನಾದಸ್ವರ. ನನಗೂ ಅದು ಇಷ್ಟವೇ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳು ಉಳಿಸಿಕೊಂಡು ಬಂದ ವಿದ್ಯೆ ಅದು, ಕೈ ಮುಗಿಯುತ್ತೇನೆ. ಪ್ರಸಾದದಂತೆ ಬಂದ ರಕ್ತಕ್ಕೆ ನಾದಸ್ವರ, ಎರಡನೇ ಮಹಡಿಯಲ್ಲಿ ಬಂದ ರಕ್ತಕ್ಕೆ ಸಂಪಾದಕೀಯ ಏಕೆಂದಷ್ಟೇ ಕೇಳುತ್ತಿದ್ದೇನೆ.

ತಮಾಷೆ ಸಾಕು. 2022ರ ಜುಲೈನಲ್ಲಿ ಇದೇ ಬೆಂಗಳೂರಿನಲ್ಲಿ, ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದು ಬಿದ್ದ ಮೈಸೂರಿನ ಹುಡುಗನೊಬ್ಬ ಆಮೇಲೆ ಆಸ್ಪತ್ರೆಯಲ್ಲಿ ಸತ್ತ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆಯೇ ಇರಲಿಲ್ಲವೆಂದು ಮನೆಯವರು ದೂರು ಕೊಟ್ಟರು. ಅವನು ಬದುಕಿ ಆಡುತ್ತಿದ್ದಷ್ಟು ದಿನ ಯಾವ ಕ್ಯಾಮೆರಾ ಅವನ ಹಿಂದೆ ಹೋಗಿತ್ತು? ಬಿದ್ದ ಆ ಕ್ಷಣ ಮಾತ್ರ ಎಲ್ಲರಿಗೂ ಬೇಕಾಯಿತು. ಒಂದು ವಾಹಿನಿಯಲ್ಲಿ ನಾನೇ ಕಂಡೆ: ಕೆಂಪು ವೃತ್ತ, ಬಾಣದ ಗುರುತು, ನಿಧಾನಗತಿ, ಮತ್ತೆ ಮೊದಲಿನಿಂದ. ಟಿವಿ ಆರಿಸಿದೆ. ವಾರ ಕಳೆಯುವುದರೊಳಗೆ ಆ ವಾಹಿನಿಗೆ ಬೇರೆ ಸುದ್ದಿ ಸಿಕ್ಕಿತ್ತು.

ಆಗ ನಮ್ಮ ಬೀದಿಯ ಹುಡುಗನ ತಾಯಿ ಮೊದಲ ಸಲ ಆ ಎರಡನೇ ಮಹಡಿ ಹತ್ತಿ ಹೋದರಂತೆ. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಚಾಪೆಯ ಅಂಚಿನಲ್ಲಿ ನಿಂತು ತರಬೇತುದಾರನನ್ನು ಕೇಳಿದರಂತೆ: ‘ಆಂಬುಲೆನ್ಸ್ ಬರಬೇಕಾದರೆ ಯಾವ ಕಡೆಯಿಂದ ಬರುತ್ತದಪ್ಪಾ?’ ಅವನು ಕಿಟಕಿಯಿಂದ ಬಗ್ಗಿ ನೋಡಿದ. ಕೆಳಗೆ ಪೈಪ್ ಹಾಕಲು ರಸ್ತೆ ಅಗೆದು, ಆ ತುದಿಯಿಂದ ಈ ತುದಿಯವರೆಗೆ ಮಣ್ಣು ಗುಡ್ಡೆ ಹಾಕಿದ್ದರು.