ಗಿಡ ಕೊಡಿ, ಮಣ್ಣು ಕೊಡಬೇಡಿ

ನಮ್ಮ ಕಡೆ ಗಿಡ ಕೊಡುವುದೆಂದರೆ ಕೊಂಬೆ ಮುರಿದು, ಬುಡಕ್ಕೊಂದು ಹಿಡಿ ಹಸಿ ಮಣ್ಣು ಮೆತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕೈಗಿಡುವುದು. ಸೇವಂತಿಗೆಯ ಮರಿಗೆ, ದೊಡ್ಡಪತ್ರೆಗೆ ಇದು ನಡೆದೀತು. ಬ್ರಹ್ಮಕಮಲ, ಲೋಳೆಸರ, ಗುಲಾಬಿಯಂತೆ ಎಲೆ ಜೋಡಿಸಿಕೊಳ್ಳುವ ಎಚೆವೇರಿಯಾದಂಥ ರಸಭರಿತ ಗಿಡಗಳಿಗೆ ನಡೆಯದು. ಕವರಿನೊಳಗಿನ ತೇವ ಹಸಿ ಗಾಯಕ್ಕೆ ತಗುಲಿ ಬುಡ ಕೊಳೆಯುತ್ತದೆ. ಕೊಟ್ಟವರಿಗೆ ಗೊತ್ತಾಗುವುದಿಲ್ಲ, ನೆಟ್ಟವರು ‘ನನ್ನ ಕೈಗುಣ ಸರಿಯಿಲ್ಲ’ ಅಂದುಕೊಳ್ಳುತ್ತಾರೆ.

ಹಿಮ ಬೀಳುವ ದೇಶಗಳಲ್ಲಿ ಪಳಗಿದ ತೋಟದವರು ಬೇರು ತೊಳೆದೇ ಕೊಡುತ್ತಾರೆ, ಮಣ್ಣಿನ ಚೂರೂ ಇರಬಾರದು. ಮೊದಲು ನೋಡಿದವರಿಗೆ ಇದು ಜಿಪುಣತನ ಅನ್ನಿಸಬಹುದು. ಆದರೆ ಕಾರಣವಿದೆ: ಅಮೆರಿಕದಲ್ಲಿ ಮಣ್ಣು ಕೆಡಿಸುವ, ಏಷ್ಯಾ ಮೂಲದ ‘ಜಿಗಿಯುವ ಎರೆಹುಳು’ ಕುಂಡದ ಮಣ್ಣಿನ ಜೊತೆಗೇ ತೋಟದಿಂದ ತೋಟಕ್ಕೆ ಹರಡುತ್ತದೆ. ಅದರ ಮೊಟ್ಟೆಗೂಡು ಸಾಸಿವೆ ಕಾಳಿನಷ್ಟು, ಬಣ್ಣವೂ ಮಣ್ಣಿನದೇ. ನಮ್ಮಲ್ಲಿ ಅದೇ ದಾರಿ ಹಿಡಿಯುವುದು ಬೇರುಗಂಟು ಜಂತು ಮತ್ತು ಹಿಟ್ಟು ತಿಗಣೆ. ಈ ಒಂದು ಪದ್ಧತಿಯನ್ನು ನಾವು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.

ಸಕ್ಯುಲೆಂಟ್ (ಎಲೆ, ಕಾಂಡದಲ್ಲಿ ನೀರು ಕೂಡಿಡುವ ಗಿಡ) ಆದರೆ ಹರಿತವಾದ ಚಾಕುವಿನಿಂದ 8–10 ಸೆಂ.ಮೀ. ತುದಿ ಕತ್ತರಿಸಿ, ಕೆಳಗಿನ ಎಲೆ ಬಿಡಿಸಿ, 4ರಿಂದ 7 ದಿನ ನೆರಳಲ್ಲಿಡಿ. ಕತ್ತರಿಸಿದ ಜಾಗ ಉಗುರಿಗೆ ಗಟ್ಟಿಯಾಗಿ ತಾಗಬೇಕು. ಆಮೇಲೆ ಒಣ ನ್ಯೂಸ್‌ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಿಗೆ ಹಾಕಿ. ಪಡೆದವರು ಅರ್ಧ ಭಾಗ ದಪ್ಪ ಮರಳಿರುವ ಮಣ್ಣಿಗೆ ನೆಟ್ಟು ಒಂದು ವಾರ ನೀರು ಹಾಕಬಾರದು. ಮೂರ್ನಾಲ್ಕು ವಾರ ಬೇರೆ ಗಿಡಗಳಿಂದ ದೂರವೇ ಇರಲಿ. ಎಲೆಯ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದೇ ಹಿಟ್ಟು ತಿಗಣೆ, 70% ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಡ್ಸ್‌ನಿಂದ ಒರೆಸಿ, ವಾರ ಬಿಟ್ಟು ಮತ್ತೆ ನೋಡಿ.

ಕಾಲ ನೋಡುವುದರಲ್ಲೂ ಆ ಹಿಮದೇಶದ ತೋಟದವರು ಮುಂದೆ. ಪಿಯೋನಿ ಎಂಬ ಚಳಿನಾಡಿನ ಹೂಗಿಡದ ಗೆಡ್ಡೆ ಒಡೆಯುವುದು ಚಳಿಗಾಲಕ್ಕೆ ಮುಂಚೆ, ತುಂಡಿಗೆ 3ರಿಂದ 5 ಮೊಗ್ಗು, ಮೇಲೆ ಹೆಚ್ಚೆಂದರೆ 5 ಸೆಂ.ಮೀ. ಮಣ್ಣು, ಇನ್ನೂ ಆಳಕ್ಕೆ ಹೋದರೆ ವರ್ಷಗಟ್ಟಲೆ ಬರೀ ಎಲೆ. ನಾವೋ, ಮಳೆ ಬಿದ್ದ ಕೂಡಲೇ ಎಲ್ಲವನ್ನೂ ಊರುತ್ತೇವೆ, ಕಳ್ಳಿಯನ್ನೂ ಸೇರಿಸಿ.

ಆದರೆ ಯಾವ ಊರಿನಲ್ಲಿ ಯಾವ ಗಿಡ ಚಳಿ ತಡೆಯುತ್ತದೆಂದು ನಕ್ಷೆಯಲ್ಲಿ ಗುರುತಿಸುವ ‘ಜೋನ್’ ನಂಬರಿನ ಮೇಲೆ ಅವರಿಗಿರುವ ಭಕ್ತಿ ನನಗೆ ಹಿಡಿಸದು. ಆ ನಕ್ಷೆ ಹೇಳುವುದು ಚಳಿಗಾಲದ ಅತಿ ಕಡಿಮೆ ಉಷ್ಣತೆಯ ಸರಾಸರಿಯನ್ನಷ್ಟೇ. ಬಿಸಿಲು, ಮಳೆ, ನೀರು ಬಸಿಯುವುದು ಯಾವುದೂ ಅದರಲ್ಲಿಲ್ಲ. ಮೈನಸ್ 30 ಡಿಗ್ರಿ ಸೆಲ್ಸಿಯಸ್ ತಡೆಯುವ ಸೆಂಪರ್ವೈವಮ್ ಎಂಬ ಸಕ್ಯುಲೆಂಟ್ ನಮ್ಮ ಮುಂಗಾರಿನಲ್ಲಿ ಕೊಳೆತು ಹೋಗುತ್ತದೆ. ಒಂದು ಗಿಡಕ್ಕೆ ಒಂದು ಗಿಡ ಎಂದು ಲೆಕ್ಕವಿಟ್ಟು ಅವರು ಬದಲಾಯಿಸಿಕೊಳ್ಳುವುದೂ ಅತಿಯೇ. ಹೂ ಬಿಟ್ಟ ಸೆಂಪರ್ವೈವಮ್ ಹೇಗೂ ಸಾಯುತ್ತದೆ, ಸುತ್ತ ಬಿಟ್ಟ ಮರಿಗಳನ್ನು ಕೇಳಿದವರಿಗೆಲ್ಲ ಕೊಡಬಹುದು. ಅಲ್ಲಿ ನಮ್ಮವರ ಧಾರಾಳವೇ ಸರಿ. ಪೇಟೆಂಟ್ ಇರುವ ತಳಿಯ ಮಾತು ಬೇರೆ: ಅಮೆರಿಕದಲ್ಲಿ ಅರ್ಜಿ ಹಾಕಿದ ದಿನದಿಂದ 20 ವರ್ಷ ಅದರ ತುಂಡು ನೆಟ್ಟು ಬೆಳೆಸುವಂತಿಲ್ಲ.

ಹೆಸರು ಮಾತ್ರ ಬರೆದೇ ಕೊಡಿ. ಮೊಸರಿನ ಡಬ್ಬಿ ಕತ್ತರಿಸಿದ ಪಟ್ಟಿ ಸಾಕು, ಬರೆಯುವುದು ಪೆನ್ಸಿಲ್‌ನಲ್ಲಿ. ಮಾರ್ಕರ್ ಶಾಯಿ ಬಿಸಿಲಿಗೆ ಮಾಸುತ್ತದೆ.