ಗಲ್ಲಾದಲ್ಲಿ ಸಿಕ್ಕ ನಾಣ್ಯಕ್ಕೆ ಪ್ರಮಾಣಪತ್ರ ಬೇಕೇ?

ಮುಂಬೈಯ ಮಾಟುಂಗಾದಲ್ಲಿ ನನ್ನ ಅಣ್ಣನ ಹೋಟೆಲಿದೆ. ರಾತ್ರಿ ಬಾಗಿಲನ್ನು ಅರ್ಧ ಎಳೆದ ಮೇಲೆ ಗಲ್ಲಾದ ಚಿಲ್ಲರೆಯನ್ನು ಮೇಜಿನ ಮೇಲೆ ಸುರಿದು ಎಣಿಸುವ ಕೆಲಸವನ್ನು ಹದಿನಾಲ್ಕು ವರ್ಷಗಳಿಂದ ವಾರಕ್ಕೆ ಎರಡು ಮೂರು ದಿನವಾದರೂ ನಾನೇ ಮಾಡುತ್ತ ಬಂದಿದ್ದೇನೆ. ಮೊಬೈಲಿನಲ್ಲಿ ಹಣ ಕೊಡುವ ರೂಢಿ ಬಂದ ಮೇಲೆ ರಾಶಿ ಸಣ್ಣದಾಗಿದೆ. ಆದರೂ ಪ್ರತಿ ನಾಣ್ಯದ ಇಸವಿಯನ್ನೂ ಅದರ ಕೆಳಗಿನ ಗುರುತನ್ನೂ ನೋಡದೆ ಚೀಲಕ್ಕೆ ಹಾಕುವುದು ನನ್ನಿಂದ ಆಗದು. ವಜ್ರಾಕೃತಿಯಿದ್ದರೆ ಇಲ್ಲೇ ಫೋರ್ಟಿನಲ್ಲಿ, 1829ರಲ್ಲಿ ಸ್ಥಾಪನೆಯಾದ ಟಂಕಸಾಲೆಯದು; ನಕ್ಷತ್ರವಿದ್ದರೆ ಹೈದರಾಬಾದಿನದು; ದುಂಡು ಚುಕ್ಕಿಯಿದ್ದರೆ ನೋಯ್ಡಾದ್ದು; ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. 1990ರ ದಶಕದ ಕೊನೆಯಲ್ಲಿ ಬೇಡಿಕೆ ಪೂರೈಸಲಾಗದೆ ದಕ್ಷಿಣ ಆಫ್ರಿಕ, ಸ್ಲೊವಾಕಿಯ, ಮೆಕ್ಸಿಕೊದಂಥ ದೇಶಗಳಲ್ಲೂ ನಮ್ಮ ನಾಣ್ಯಗಳನ್ನು ಅಚ್ಚು ಹಾಕಿಸಿದ್ದರಿಂದ, ಅಪರೂಪಕ್ಕೆ ಅವುಗಳ ಗುರುತುಗಳೂ ಕಣ್ಣಿಗೆ ಬೀಳುತ್ತವೆ.

ಈ ಹವ್ಯಾಸ ನನಗೆ ಬಂದದ್ದು ಕುಂದಾಪುರದ ಕಡೆ ನೆಲೆಸಿರುವ ಸೋದರಮಾವನಿಂದ. ನಿವೃತ್ತ ಶಾಲಾ ಮಾಸ್ತರರಾದ ಅವರು ತಮ್ಮ ನಾಣ್ಯಗಳಿಗೆ ಒಂದು ಉದ್ದನೆಯ ಪುಸ್ತಕವಿಟ್ಟಿದ್ದಾರೆ. ಅದರಲ್ಲಿ ಪ್ರತಿ ನಾಣ್ಯದ ಮುಂದೆ ನಾಲ್ಕು ಮಾತುಗಳಲ್ಲಿ ಒಂದನ್ನು ಬರೆಯುತ್ತಾರೆ: ಸವಕಲು, ಅಡ್ಡಿಲ್ಲ, ಲಾಯ್ಕ್, ಹೊಸತು. ಮುಂಬೈಯಲ್ಲಿ ಈ ನಾಲ್ಕು ಮಾತುಗಳಿಗೆ ಬೆಲೆಯಿಲ್ಲ. ಇಲ್ಲಿನ ನಾಣ್ಯ ಪ್ರದರ್ಶನಗಳಲ್ಲಿ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮುದ್ರೆ ಹಾಕಿಟ್ಟ, ಸ್ಲ್ಯಾಬ್ ಎಂದು ಕರೆಯುವ ನಾಣ್ಯವನ್ನೇ ಎಲ್ಲರೂ ಕೇಳುತ್ತಾರೆ. ನಾಣ್ಯವನ್ನು ನೋಡುವ ಮೊದಲು ಅದರ ಚೀಟಿಯ ಮೇಲಿನ ಅಂಕಿಯನ್ನು ನೋಡುತ್ತಾರೆ. ಆ ಅಂಕಿ 1ರಿಂದ 70ರ ವರೆಗಿನ ಶೆಲ್ಡನ್ ಮಾಪಕದ್ದು. ವಿಲಿಯಂ ಶೆಲ್ಡನ್ ಎಂಬ ಅಮೆರಿಕನ್ 1949ರಲ್ಲಿ ತನ್ನ ದೇಶದ ಹಳೆಯ ತಾಮ್ರದ ಸೆಂಟ್ ನಾಣ್ಯಗಳಿಗೆಂದು ಮಾಡಿದ ಈ ಅಳತೆಯನ್ನು, 1986ರಲ್ಲಿ ಕೆಲಸ ಶುರುಮಾಡಿದ ಪಿಸಿಜಿಎಸ್ ಮತ್ತು ಮರುವರ್ಷ ಬಂದ ಎನ್‌ಜಿಸಿ ಎಂಬ, ನಾಣ್ಯವನ್ನು ಪರೀಕ್ಷಿಸಿ ಅಂಕಿ ಕೊಟ್ಟು ಪೆಟ್ಟಿಗೆಯೊಳಗೆ ಮುದ್ರೆ ಹಾಕುವ ಅಮೆರಿಕದ ಎರಡು ಸಂಸ್ಥೆಗಳು ಜಗತ್ತಿಗೆಲ್ಲ ಹಬ್ಬಿಸಿದವು. ನಾನಿಲ್ಲಿ ಪ್ರಮಾಣಪತ್ರ ಎನ್ನುವುದು ಇದನ್ನೇ. 60 ಮತ್ತು ಅದಕ್ಕಿಂತ ಮೇಲಿನದು ಚಲಾವಣೆಯ ಸವೆತವಿಲ್ಲದ ನಾಣ್ಯ. 50ರಿಂದ 58ರ ವರೆಗಿನದು ಕೈಯಿಂದ ಕೈಗೆ ಸ್ವಲ್ಪವೇ ಓಡಾಡಿದ್ದು.

ಮಾವನ ನಾಲ್ಕು ಮಾತು, ಮುಂಬೈಯ ಅಂಕಿ ಇವೆರಡರಲ್ಲಿ ಯಾವುದು ಸರಿಯೆಂದು ಕೇಳಿದರೆ, ಚಲಾವಣೆಯಲ್ಲಿ ಸಿಕ್ಕ ನಾಣ್ಯದ ಮಟ್ಟಿಗೆ ನಾನು ಮಾವನ ಪುಸ್ತಕದ ಪರವಾಗಿದ್ದೇನೆ. ಇದು ಊರಿನ ಮೇಲಿನ ಅಭಿಮಾನದಿಂದ ಹೇಳುವ ಮಾತಲ್ಲ, ಲೆಕ್ಕ ಹಾಕಿ ಹೇಳುವ ಮಾತು. ಆದರೆ ಲೆಕ್ಕಕ್ಕೆ ಮೊದಲು ನೋಟ ಕಲಿಯಬೇಕು.

ತಾಮ್ರ-ನಿಕಲ್ ಮಿಶ್ರಲೋಹದ ಹಳೆಯ ಒಂದು ರೂಪಾಯಿ, ಅಂದರೆ 1983ರಿಂದ 1991ರ ವರೆಗಿನ ಆರು ಗ್ರಾಮಿನದು, ಕಲಿಕೆಗೆ ಬಹಳ ಒಳ್ಳೆಯದು. ಅದರಲ್ಲಿ ಸವೆತ ಮೊದಲು ಕಾಣುವುದು ನಡುವಿನ ಸಿಂಹದ ಮೂಗು, ಕೆನ್ನೆ ಮತ್ತು ಎದೆಯ ಕೂದಲಿನಲ್ಲಿ. ಆಮೇಲೆ ಹಿಂಬದಿಯ ತೆನೆಯ ಕಾಳುಗಳು ಒಂದಕ್ಕೊಂದು ಅಂಟಿದಂತೆ ಆಗುತ್ತವೆ. ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ಓರೆಮಾಡಿದರೆ, ಸವೆಯದ ನಾಣ್ಯದ ಮೇಲೆ ಬೆಳಕಿನ ಪಟ್ಟಿಯೊಂದು ಗಾಡಿಯ ಚಕ್ರದ ಕಡ್ಡಿಯಂತೆ ತಿರುಗುತ್ತದೆ. ಅಚ್ಚಿನ ಒತ್ತಡಕ್ಕೆ ಲೋಹ ಹರಿದು ಮೂಡಿದ ಸೂಕ್ಷ್ಮ ಗೆರೆಗಳಿಂದ ಬರುವ ಮಿರುಗು ಅದು. ಉಬ್ಬಿನ ಮೇಲೆ ಆ ಮಿರುಗು ಕಡಿದು ಬೂದುಬಣ್ಣ ಕಂಡರೆ ನಾಣ್ಯ ಸವೆದಿದೆ ಎಂದೇ ಅರ್ಥ. ಉಬ್ಬು ಚಪ್ಪಟೆಯಾಗಿದ್ದರೂ ಮಿರುಗು ಅಲ್ಲಿ ಉಳಿದಿದ್ದರೆ ಅದು ಸವೆತವಲ್ಲ, ಟಂಕಸಾಲೆಯಲ್ಲಿಯೇ ಅಚ್ಚು ಪೂರ್ತಿ ಕೂರಲಿಲ್ಲ ಎಂದು ತಿಳಿಯಬೇಕು. 1992ರಿಂದ ಬಂದ ಉಕ್ಕಿನ ರೂಪಾಯಿಗಳಲ್ಲಿ ಈ ವ್ಯತ್ಯಾಸ ತಿಳಿಯದವರು ಅವಶ್ಯವಾಗಿ ಮೋಸಹೋಗುತ್ತಾರೆ, ಏಕೆಂದರೆ ಉಕ್ಕು ಗಡುಸು. ಅದು ಬೇಗ ಸವೆಯುವುದಿಲ್ಲ, ಚೆನ್ನಾಗಿ ಅಚ್ಚೂ ಏಳುವುದಿಲ್ಲ. ಹೊಸ ಚೀಲದಿಂದ ತೆಗೆದ ನಾಣ್ಯದ ಮೇಲೂ ಒಂದಕ್ಕೊಂದು ಬಡಿದ ಗಾಯಗಳಿರುತ್ತವೆ. ಹೀಗಾಗಿ ಗಲ್ಲಾದಲ್ಲಿ ಸಿಕ್ಕಿದ, ಕಣ್ಣಿಗೆ ಫಳಫಳ ಹೊಳೆಯುವ ನಾಣ್ಯವೂ ತಜ್ಞರ ಕೈಯಲ್ಲಿ ಮೇಲಿನ ಅಂಕಿ ಪಡೆಯುವುದು ತೀರ ಕಷ್ಟ.

ಇನ್ನು ಲೆಕ್ಕ. ತಪಾಸಣೆಯ ಶುಲ್ಕ, ಮಧ್ಯವರ್ತಿಯ ಪಾಲು, ಸಾಗಣೆ ಮತ್ತು ವಿಮೆ ಸೇರಿ ಒಂದು ನಾಣ್ಯಕ್ಕೆ ಮೂರು ಸಾವಿರ ರೂಪಾಯಿ ಆಯಿತೆಂದು ಇಟ್ಟುಕೊಳ್ಳೋಣ. ನಾಣ್ಯ ಪೆಟ್ಟಿಗೆಯಿಲ್ಲದೆ ಇನ್ನೂರು ರೂಪಾಯಿಗೆ, ಪೆಟ್ಟಿಗೆಯೊಳಗೆ ಎರಡು ಸಾವಿರಕ್ಕೆ ಹೋಗುತ್ತದೆ ಎಂದಾದರೆ, ಬೆಲೆ ಹತ್ತು ಪಟ್ಟು ಏರಿದರೂ ನಷ್ಟ ನಷ್ಟವೇ. ಮಾರಾಟದ ದಲ್ಲಾಳಿಯ ಪಾಲು ಇನ್ನೂ ಬಾಕಿ. ನೋಡಬೇಕಾದದ್ದು ಪ್ರಮಾಣಪತ್ರವಿರುವ ಬೆಲೆಗೂ ಇಲ್ಲದ ಬೆಲೆಗೂ ಇರುವ ಅಂತರವನ್ನು. ಆ ಅಂತರ ಖರ್ಚಿನ ಮೂರು ಪಟ್ಟಾದರೂ ಇಲ್ಲದೆ ನಾನು ಕಳುಹಿಸುವುದಿಲ್ಲ, ಏಕೆಂದರೆ ನಾವು 64 ಎಂದುಕೊಂಡದ್ದು 61 ಆಗಿ ಬರುವ ಸಾಧ್ಯತೆಗೂ ಅದರಲ್ಲಿ ಜಾಗವಿರಬೇಕು.

ಆರು ವರ್ಷಗಳ ಹಿಂದೆ ಈ ಎಚ್ಚರ ನನಗಿರಲಿಲ್ಲ. ಗಲ್ಲಾದಲ್ಲಿ 1985ರ ಒಂದು ರೂಪಾಯಿ ಸಿಕ್ಕಿತು. ಆ ವರ್ಷ ಕೆಲವು ನಾಣ್ಯಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಅಚ್ಚಾಗಿದ್ದವು. ಅವುಗಳ ಮೇಲೆ ಎಚ್ ಅಕ್ಷರವಿರುತ್ತದೆ, ಇದರ ಮೇಲೂ ಇತ್ತು. ಹೊಳಪು ನೋಡಿ ಮನಸ್ಸು ತುಂಬಿತು. ಮಧ್ಯವರ್ತಿಯೊಬ್ಬರ ಮೂಲಕ ಹೊರದೇಶಕ್ಕೆ ಕಳುಹಿಸಿದೆ. ನಾಲ್ಕು ತಿಂಗಳ ಬಳಿಕ ಅದು ಅಂಕಿಯೇ ಇಲ್ಲದೆ, ತೊಳೆದ ನಾಣ್ಯ ಎಂಬ ಷರಾದೊಂದಿಗೆ ಮರಳಿತು. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದ ಕೆಳಗೆ ಮತ್ತೆ ನೋಡಿದಾಗ, ಒಂದೇ ದಿಕ್ಕಿಗೆ ಓಡುವ ಕೂದಲೆಳೆಯಂಥ ಗೀರುಗಳು ಸ್ಪಷ್ಟವಾಗಿ ಕಂಡವು. ಯಾರೋ ಎಂದೋ ಅದನ್ನು ಉಜ್ಜಿದ್ದರು. ನಾನು ಮೊದಲೇ ನೋಡಬಹುದಾಗಿದ್ದ ಸಂಗತಿಯನ್ನು ಮೂರು ಸಾವಿರ ಕೊಟ್ಟು ಬೇರೆಯವರಿಂದ ಕೇಳಿ ತಿಳಿದಂತಾಯಿತು. ಮಾವ ಫೋನಿನಲ್ಲಿ ಒಂದೇ ಮಾತು ಹೇಳಿದರು: “ದುಡ್ಡ್ ಕೊಟ್ಟ್ ಬೇರೆಯವ್ರ ಕಣ್ಣ್ ಯಾಕೆ ತಕಂಬುದ್ ಮಾರಾಯಾ?”

ಆದರೆ ಈ ಉಜ್ಜುವ ವಿಷಯದಲ್ಲಿ ನಮ್ಮ ಊರಿನ ಕ್ರಮವನ್ನು ಒಪ್ಪಲಾರೆ. ದೇವರ ಪಾತ್ರೆಯ ಜೊತೆಗೆ ಹುಣಸೆಹಣ್ಣು ಹಾಕಿ ನಾಣ್ಯವನ್ನೂ ತಿಕ್ಕುವುದು ನಮ್ಮಲ್ಲಿ ಭಕ್ತಿಯ ಭಾಗವೇ ಆಗಿದೆ. ಹುಳಿ ಲೋಹದ ಮೇಲ್ಪದರವನ್ನು ಕರಗಿಸುತ್ತದೆ, ತಿಕ್ಕುವ ಕೈ ಮಿರುಗಿನ ಗೆರೆಗಳನ್ನು ಅಳಿಸುತ್ತದೆ; ಒಮ್ಮೆ ಹೋದ ಮಿರುಗು ಮರಳುವುದಿಲ್ಲ. ಮುಂಬೈಯ ಹಿರಿಯ ಸಂಗ್ರಾಹಕರು ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯುತ್ತಾರೆ, ಕಿಲುಬು ಹಿಡಿಸುವ ಪಿವಿಸಿ ಚೀಲಗಳನ್ನು ಮನೆಯೊಳಗೇ ಬಿಡುವುದಿಲ್ಲ. ನಾಣ್ಯದ ಮಾಸಲನ್ನು ಅದರ ವಯಸ್ಸೆಂದು ಗೌರವಿಸುವ ಈ ಶಿಸ್ತನ್ನು ನಾನು ಇಲ್ಲಿಯೇ ಕಲಿತೆ, ಮಾವನಿಗೂ ಕಲಿಸಿದೆ.

ಎರಡೂ ಕಡೆ ಸಮನಾಗಿ ಹಬ್ಬಿರುವ ಒಂದು ರೋಗವೂ ಇದೆ. 2012ರ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಸಿಗುತ್ತದೆ ಎಂದು ನಂಬಿದವರನ್ನು ಕುಂದಾಪುರದಲ್ಲೂ ಕಂಡಿದ್ದೇನೆ, ಮುಂಬೈ ಪಕ್ಕದ ಡೊಂಬಿವಲಿಯಲ್ಲೂ ಕಂಡಿದ್ದೇನೆ. ತನ್ನ ಹೆಸರು ಹೇಳಿಕೊಂಡು ಹಳೆಯ ನಾಣ್ಯ ಕೊಳ್ಳುತ್ತೇವೆ ಎಂದು ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಪ್ರಕಟಣೆಯನ್ನೇ ಹೊರಡಿಸಿತು. ಇಂಥ ನಾಣ್ಯಕ್ಕೆ ಪ್ರಮಾಣಪತ್ರ ಮಾಡಿಸುವುದೆಂದರೆ ಒಂದು ನಷ್ಟಕ್ಕೆ ಇನ್ನೊಂದನ್ನು ಕೂಡಿಸಿದಂತೆ.

ಪ್ರಮಾಣಪತ್ರ ನಿಜವಾಗಿ ಬೇಕಾಗುವುದು ನಾಣ್ಯ ಅಸಲಿಯೋ ಅಲ್ಲವೋ ಎಂಬ ಸಂಶಯ ಬಂದಾಗ ಮತ್ತು ಆ ಸಂಶಯದ ಮೇಲೆ ದೊಡ್ಡ ಮೊತ್ತ ನಿಂತಿರುವಾಗ. ಕಳೆದ ದೀಪಾವಳಿಗೆ ಊರಿಗೆ ಹೋದಾಗ, ಮಾವನ ಅಜ್ಜನ ಅಂಗಡಿಯ ಪೆಟ್ಟಿಗೆಯಿಂದ ಬಂದ ರೂಪಾಯಿಗಳಲ್ಲಿ ಆರನೆಯ ಜಾರ್ಜ್‌ನ 1939ರದೊಂದು ಕಂಡಿತು. ಪುಸ್ತಕದಲ್ಲಿ ಅದರ ಮುಂದೆ ಅಡ್ಡಿಲ್ಲ ಎಂದಿತ್ತು. 1939ರ ರೂಪಾಯಿ ಬಹಳ ವಿರಳ. ಆದ್ದರಿಂದಲೇ ಇಸವಿಯ ಕೊನೆಯ ಅಂಕಿಯನ್ನು ತಿದ್ದಿದ ನಾಣ್ಯಗಳ ಭಯವೂ ಇದೆ. ತೂಗಿ ನೋಡಿದೆವು, 11.6 ಗ್ರಾಮು ಬಂತು. ಆದರೆ 1938ರ ರೂಪಾಯಿಗೂ ಅದೇ ಬೆಳ್ಳಿ, ಅದೇ ತೂಕ. ತಕ್ಕಡಿಯಿಂದ ಇದು ತೀರ್ಮಾನವಾಗುವುದಿಲ್ಲ. ಮಸೂರದಲ್ಲಿ ಕೊನೆಯ ಒಂಬತ್ತರ ಬಾಲದ ಬಳಿ ಲೋಹ ಸ್ವಲ್ಪ ಒರಟಾಗಿ ಕಂಡಿತು. ಅದು ಕಿಲುಬೋ ಯಾರದೋ ಕೈಚಳಕವೋ ಹೇಳುವಷ್ಟು ನನ್ನ ಕಣ್ಣು ಪಳಗಿಲ್ಲ. ನೂರು ವರ್ಷ ಮೀರಿದ ನಾಣ್ಯವಾಗಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನಾವು ಅದನ್ನು ದೇಶದ ಹೊರಗೆ ಕಳುಹಿಸುವಂತೆಯೇ ಇರಲಿಲ್ಲ. ಇದಕ್ಕೆ ಆ ಅಡ್ಡಿ ಇನ್ನೂ ಬಂದಿಲ್ಲ. ಮಾವ ಎರಡು ದಿನ ಯೋಚಿಸಿ ನಾಣ್ಯವನ್ನು ಕಾಗದದಲ್ಲಿ ಮಡಿಸಿ ನನ್ನ ಕೈಗಿತ್ತರು. ಪುಸ್ತಕದಲ್ಲಿ ಅಡ್ಡಿಲ್ಲ ಎಂಬುದನ್ನು ಹೊಡೆದುಹಾಕಲಿಲ್ಲ, ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.