ಜಂಪ್ ಸೀಟಿಗೆ ಕ್ಯಾಪ್ಟನ್ ಒಪ್ಪಿಗೆಯೇ ಕೊನೆಯ ಮಾತು
ಅಮೆರಿಕದ ಪೈಲಟ್‌ಗಳು ಬೇರೆ ಕಂಪನಿಯ ವಿಮಾನದ ಕಾಕ್‌ಪಿಟ್‌ನಲ್ಲಿರುವ ಹೆಚ್ಚುವರಿ ಆಸನದಲ್ಲಿ (ಜಂಪ್ ಸೀಟ್) ಕೂತು ಪುಕ್ಕಟೆ ಓಡಾಡುವುದನ್ನು ಲೇಖನವೊಂದು ‘ನೌಕರರ ಹಕ್ಕು’ ಎಂದಿದೆ. ಇದು ತಪ್ಪು. ಕಾಗದಪತ್ರವೆಲ್ಲ ಸರಿಯಿದ್ದರೂ ಆ ವಿಮಾನದ ಕ್ಯಾಪ್ಟನ್ ಬೇಡ ಎಂದರೆ ಮುಗಿಯಿತು.

ಕಂಪನಿಯ ಗುರುತಿನ ಚೀಟಿ, ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ಕೊಡುವ ಪೈಲಟ್ ಪ್ರಮಾಣಪತ್ರ, ಚಾಲ್ತಿಯಲ್ಲಿರುವ ವೈದ್ಯಕೀಯ ಪ್ರಮಾಣಪತ್ರ ಮೂರೂ ಜೊತೆಗಿರಬೇಕು. ಗೇಟ್ ಏಜೆಂಟ್ ನೌಕರರ ಸಂಖ್ಯೆಯನ್ನು ಕಾಕ್‌ಪಿಟ್‌ಗೆ ಬರುವವರನ್ನು ಪರಿಶೀಲಿಸುವ ‘ಕ್ಯಾಸ್’ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಹಾಕುತ್ತಾರೆ. ಅದು ಪೈಲಟ್‌ನ ಸ್ವಂತ ಕಂಪನಿಯ ದಾಖಲೆಯನ್ನೇ ಆಗಿಂದಾಗ ನೋಡಿ, ಫೋಟೊ ಸಮೇತ ಉತ್ತರ ಕೊಡುತ್ತದೆ. ಕೆಲಸ ಬಿಟ್ಟವರ ಬಳಿ ಹಳೆಯ ಕಾರ್ಡ್ ಉಳಿದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಮುಚ್ಚಿದ್ದ ಈ ಬಾಗಿಲು ಮತ್ತೆ ತೆರೆದದ್ದು ಕ್ಯಾಸ್ ಬಂದ ಮೇಲೆಯೇ.

ಆದರೆ ಪೈಲಟ್‌ನ ಅಂದಿನ ಮನಸ್ಥಿತಿ ಕ್ಯಾಸ್‌ಗೆ ತಿಳಿಯುವುದಿಲ್ಲ. 2023ರ ಅಕ್ಟೋಬರ್ 22ರಂದು ಎವರೆಟ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಹೊರೈಜನ್ ಏರ್ ಕಂಪನಿಯ 2059 ಸಂಖ್ಯೆಯ ವಿಮಾನದಲ್ಲಿ ಜಂಪ್ ಸೀಟಿನಲ್ಲಿದ್ದ ಪೈಲಟ್ ಎರಡೂ ಎಂಜಿನ್‌ಗಳ ಫೈರ್ ಹ್ಯಾಂಡಲ್‌ಗೆ (ಬೆಂಕಿ ಬಿದ್ದಾಗ ಎಂಜಿನ್ ನಿಲ್ಲಿಸಲು ಎಳೆಯುವ ಹಿಡಿ) ಕೈಹಾಕಿದರು. ಹ್ಯಾಂಡಲ್ ಪೂರ್ತಿ ಎಳೆದರೆ ಎಂಜಿನ್‌ಗೆ ಹೋಗುವ ಇಂಧನದ ವಾಲ್ವ್ ಮುಚ್ಚುತ್ತದೆ. ಸಿಬ್ಬಂದಿ ಕೂಡಲೇ ತಡೆದಿದ್ದರಿಂದ ಎಂಜಿನ್ ನಿಲ್ಲಲಿಲ್ಲ. ವಿಮಾನ ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಯಿತು. ಹೊರಡುವ ಮುನ್ನ ಕ್ಯಾಪ್ಟನ್ ಬಂದವರನ್ನು ಎರಡು ನಿಮಿಷ ಮಾತಾಡಿಸುವುದು ಬರೀ ಸೌಜನ್ಯವೆಂದು ದಯವಿಟ್ಟು ಭಾವಿಸಬೇಡಿ.

ಕೂತ ಮೇಲೂ ಕೆಲಸವಿದೆ. ಭುಜದ ಪಟ್ಟಿ, ಆಮ್ಲಜನಕದ ಮಾಸ್ಕ್, ತುರ್ತು ದಾರಿ ತಿಳಿದಿರಬೇಕು. 10,000 ಅಡಿಗಿಂತ ಕೆಳಗೆ ಹರಟೆ ಕೂಡದು. ಆದರೆ ಎದುರಿಗೆ ಇನ್ನೊಂದು ವಿಮಾನವೋ ತಪ್ಪಾಗಿ ಹೊಂದಿಸಿದ ಎತ್ತರವೋ ಕಂಡರೆ ಸುಮ್ಮನಿರಬಾರದು, ತಕ್ಷಣ ಹೇಳಬೇಕು.